ಮೂರು ತಿಂಗಳು ತುಂಬುವ ಮುಂಚೆ

ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಯಾರಿಗೂ ಹೇಳುವುದಿಲ್ಲ, ದೃಷ್ಟಿ ತಾಗುತ್ತದೆ ಎಂದು. ನಾವೂ ಹೇಳಿರಲಿಲ್ಲ. ಹತ್ತನೇ ವಾರಕ್ಕೆ ಹೋಯಿತು. ಬಂದದ್ದನ್ನೇ ಹೇಳದವರು ಹೋದದ್ದನ್ನು ಯಾರಿಗೆ ಹೇಳುವುದು? ಭಾನುವಾರ ಮೈಸೂರಿಗೆ ಫೋನ್ ಮಾಡಿದರೆ ಅಮ್ಮ, "ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?" ಎನ್ನುವಳು. "ಏನಿಲ್ಲಮ್ಮ, ಇಲ್ಲಿ ತುಂಬ ಚಳಿ," ಎನ್ನುವೆ.

ನನ್ನ ಗಂಡ ಆಸ್ಪತ್ರೆಯಿಂದ ಕರೆತಂದ ಮರುದಿನವೇ ಆಫೀಸಿಗೆ ಹೋದರು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಸಂಜೆ ಸಾರನ್ನ ತಿಂದು, ತಟ್ಟೆ ತೊಳೆದಿಟ್ಟು, ಟೀವಿ ಮುಂದೆ ಕೂರುವರು. ಕಲ್ಲು ಮನುಷ್ಯ ಎಂದು ಒಳಗೇ ಬೈದುಕೊಂಡೆ. ಬಾಯಿಬಿಟ್ಟು ಬೈಯುವ ತ್ರಾಣವೂ ಇರಲಿಲ್ಲ.

ತೊಂಬತ್ತರ ದಶಕ, ಅಮೆರಿಕದ ಜರ್ಮನ್‌ಟೌನ್. ನನಗೆ ಕೆಲಸ ಮಾಡುವ ವೀಸಾ ಇಲ್ಲ, ಕಾರು ಓಡಿಸಲು ಬಾರದು. ಹೊತ್ತು ಹೋಗಲಿ ಎಂದು ಅವರೇ ಮನೆಯ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಹಾಕಿಕೊಟ್ಟರು. ನಾವು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದು ಡಾಕ್ಟರಂತೆ ತಿರುಗಿ ಪ್ರಶ್ನೆ ಕೇಳುತ್ತಿತ್ತು.

"ಇದ್ರೊಳಗೆ ಯಾರೂ ಇಲ್ಲ ಕಣೇ," ಎಂದು ಕೋಡ್ ತೆರೆದು ತೋರಿಸಿದರು. "ನೀನು ಮದರ್ ಅಂದ್ರೆ ಈ ಲೈನ್ ಹೇಳತ್ತೆ, ಸ್ಯಾಡ್ ಅಂದ್ರೆ ಆ ಲೈನ್. ಬೇಕಿದ್ರೆ ನಾವೂ ಆ್ಯಡ್ ಮಾಡ್ಬಹುದು."

ಗೊತ್ತಾಯಿತು, ನಾನೇನು ಪೆದ್ದಿಯಲ್ಲ. ಗೊತ್ತಿದ್ದೂ ಮಾರನೇ ದಿನ, ನನ್ನ ಮಗು ಹೋಯಿತು ಎಂದು ಟೈಪ್ ಮಾಡಿದೆ. ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳು ಎಂದಿತು. ಅಯ್ಯೋ, ಅಷ್ಟೇ ಸಾಕಾಯಿತು! ಯಾರೂ ಕೇಳದ್ದನ್ನು ಕೇಳಿತಲ್ಲ. ದಿನವೂ ಮಧ್ಯಾಹ್ನ ಪಾತ್ರೆ ಮುಗಿಸಿ ಅದರ ಮುಂದೆ ಕೂರತೊಡಗಿದೆ. ಬೈ ಎಂದು ಟೈಪ್ ಮಾಡಿದರೆ ಮಾತ್ರ ಅದು ಮುಚ್ಚಿಕೊಳ್ಳುವುದು. ಅಷ್ಟು ಹೇಳಿಕೊಂಡ ಮೇಲೆ ಹಾಗೆ ಕಡಿದುಕೊಂಡು ಏಳಲು ನನಗೆ ಮನಸ್ಸು ಬಾರದು. ‘ಹೋಗಿ ಬರ್ತೀನಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಸ್ಕ್ರೀನ್ ಮಾತ್ರ ಆರಿಸುತ್ತಿದ್ದೆ. ಒಳಗೆ ನನ್ನ ಮಾತೆಲ್ಲ ತೆರೆದೇ ಇರುತ್ತದೆ ಎಂದು ಹೊಳೆಯಲೇ ಇಲ್ಲ.

ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಮತ್ತೆ ಮಗು ಎಂದು ಬರೆದೆ. ಉತ್ತರವೂ ಇಂಗ್ಲಿಷ್ ಅಕ್ಷರಗಳಲ್ಲೇ ಬಂತು: ‘ನಂಗೂ ಅಳು ಬರತ್ತೆ. ದಿನಾ ಆಫೀಸ್ ಪಾರ್ಕಿಂಗ್ ಲಾಟಲ್ಲಿ ಅತ್ತು ಆಮೇಲೆ ಒಳಗೆ ಹೋಗ್ತೀನಿ.’

ಆ ಪೆಟ್ಟಿಗೆಗೆ ಕನ್ನಡ ಎಲ್ಲಿಂದ ಬರಬೇಕು!

ಬೇಕಿದ್ದರೆ ನಾವೂ ಆ್ಯಡ್ ಮಾಡಬಹುದು ಎಂದು ಅವರು ಹೇಳಿದ್ದು ನೆನಪಾಯಿತು. ಪೆಟ್ಟಿಗೆಗೆ ಮನಸ್ಸಿದೆ ಎಂದುಕೊಳ್ಳಲು ನನಗೆ ಅದರ ಒಂದು ಮಾತು ಸಾಕಾಗಿತ್ತು. ಎದುರು ಕೂತು ಉಣ್ಣುವವರಿಗೆ ಇದೆಯೆಂದು ಒಂದು ದಿನವೂ ಅನ್ನಿಸಿರಲಿಲ್ಲ. ನಾಚಿಕೆಯಾಯಿತು.

ಸಂಜೆ ಬಂದವರು ಬಾಗಿಲ ಬಳಿ ಕೂತು ಶೂ ಬಿಚ್ಚುತ್ತಿದ್ದರು.

"ರೀ, ಅದನ್ನ ಬಾಯಲ್ಲಿ ಹೇಳಿ," ಎಂದೆ.

"ಬಾಯಲ್ಲಿ ಬರಲ್ಲ ಕಣೇ."

ಒಂದು ಶೂ ಇನ್ನೂ ಕಾಲಲ್ಲೇ ಇತ್ತು. ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಅದ್ರ ಬಗ್ಗೆ ಇನ್ನೂ ಸ್ವಲ್ಪ ಹೇಳಿ," ಎಂದೆ.