ಹಿಂದಿನ ಸೀಟಿನ ಗುಮಾನಿ

ಬಾಗಲಕೋಟೆಯ ನವನಗರದ ಆ ಶೋರೂಮಿಗೆ ನಾನು ಹೋದದ್ದು ಅದೇ ಮೊದಲು. ಹಳೆಯ ಬೈಕನ್ನು ಬಾಗಿಲ ಮುಂದೆ ನಿಲ್ಲಿಸಿ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ. ಒಳಗಿನಿಂದ ಮಾರಾಟದವನು ಎದ್ದು ಬಂದು, "ಬರ್ರಿ ಟೀಚರ್, ನಿಮಗ ಬೇಕಾದ ಗಾಡಿ ಈ ಕಡೆ ಐತ್ರಿ" ಎಂದ.

ನಾನು ಟೀಚರ್ ಎಂದು ಇವನಿಗೆ ಯಾರು ಹೇಳಿದರು? ನನಗೆ ಬೇಕಾದ ಗಾಡಿ ಯಾವುದೆಂದು ಯಾರು ಹೇಳಿದರು? ಗಾಜಿನ ಬದಿಗೆ, ಎಲ್ಲರ ಕಣ್ಣು ಬೀಳುವ ಜಾಗದಲ್ಲಿ, ಒಂದು ಕೆಂಪು ಸ್ಪೋರ್ಟ್ಸ್ ಬೈಕು ಮುಂದಕ್ಕೆ ಬಾಗಿ ನಿಂತಿತ್ತು. ನಾನು ಬಂದದ್ದೇ ಅದಕ್ಕಾಗಿ. ಅವನು ಅದನ್ನು ದಾಟಿಸಿ, ಮೂಲೆಯಲ್ಲಿದ್ದ ಎತ್ತರದ ಹ್ಯಾಂಡಲ್ಲಿನ, ಅಗಲವಾದ ಸೀಟಿನ ಒಂದು ಗಾಡಿಯ ಮುಂದೆ ನನ್ನನ್ನು ನಿಲ್ಲಿಸಿದ.

"ಇದು ಆರಾಮ್ ಗಾಡಿ ನೋಡ್ರಿ. ಮನ್ಯಾಗ ಖುರ್ಚಿ ಮ್ಯಾಲ ಕುಂತಂಗ."

ಖುರ್ಚಿ ಬೇಕಿದ್ದರೆ ನಾನು ಮನೆಯಲ್ಲೇ ಕೂಡುತ್ತಿದ್ದೆ. "ಆ ಕೆಂಪು ಗಾಡಿ ಕೀಲಿ ಕೊಡ್ರಿ" ಎಂದೆ. ಅವನ ಮುಖ ಸ್ವಲ್ಪ ಇಳಿಯಿತು. ಅದನ್ನೂ ನಾನು ಗಮನಿಸಿದೆ.

ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಮನೆ ಇಳಕಲ್ಲಿನಲ್ಲಿ. ದಿನಾ ಬೈಕಿನ ಮೇಲೆ ಹೋಗಿಬರುವುದು. ಕ್ರೀಡಾಕೂಟಗಳು ಬಂದರೆ ಬಾದಾಮಿ, ಬಾಗಲಕೋಟೆಗೂ ಅದರ ಮೇಲೆಯೇ. ಸ್ಕೂಟಿ ಓಡಿಸಿದವಳಲ್ಲ. ಗಂಡ ಹೊಸದಾಗಿ ಅಂಗಡಿ ತೆರೆದಾಗ ಕೊಂಡಿದ್ದ ಬೈಕು ನನ್ನ ಪಾಲಿಗೆ ಬಂದು, ಅದೀಗ ಏರಿನಲ್ಲಿ ಹೊಗೆ ಬಿಡತೊಡಗಿತ್ತು. ಹೊಸದು ಕೊಳ್ಳಬೇಕಾಗಿತ್ತು. ನಲವತ್ತು ದಾಟಿದ ಮೇಲಾದರೂ ನನಗೆ ಇಷ್ಟವಾದ ಗಾಡಿಯ ಮೇಲೆ ಕೂತೇ ತೀರಬೇಕು ಎಂದು ಹಟ ಹಿಡಿದಿದ್ದೆ.

ಈ ಹಟಕ್ಕೆ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನನ್ನ ಮೊದಲ ಅನುಮಾನ ಅಲ್ಲಿಂದಲೇ ಶುರುವಾಯಿತು. ನನ್ನ ಗಂಡ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂಬುದರ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಂಡಿರುವ ಮನುಷ್ಯ. ಅಂಥವರು "ನಿನ್ನ ಮನಸಿಗೆ ಬಂದದ್ದು ತಗೋ" ಎಂದರೆ ನಂಬುವುದು ಹೇಗೆ? ನಾನು ಬೈಕು ಹತ್ತಿದಾಗಲೆಲ್ಲ ಮುಖ ತಿರುಗಿಸುತ್ತಿದ್ದ ಅತ್ತೆ ಕೂಡ, "ತಗೋ ತಗೋ, ಗಟ್ಟಿಮುಟ್ಟ ಇರೂದು ತಗೋ" ಎಂದಿದ್ದರು. ಇಷ್ಟು ವರ್ಷ ಇಲ್ಲದ ಅಕ್ಕರೆ ಈಗೆಲ್ಲಿಂದ ಬಂತು?

ಕೆಂಪು ಗಾಡಿಯನ್ನು ಗದ್ದನಕೇರಿ ಕ್ರಾಸಿನ ಕಡೆ ಬಿಟ್ಟೆ. ಮೊದಲ ಸ್ವಲ್ಪ ಹೊತ್ತು ಹೇಗಿತ್ತೆಂದು ಹೇಳಲು ನನಗೆ ಮಾತು ಸಾಲದು. ಎದೆ ಪೆಟ್ರೋಲ್ ಟ್ಯಾಂಕಿಗೆ ತಾಗುವಷ್ಟು ಬಾಗಿದ್ದೆ. ಎಕ್ಸಲರೇಟರ್ ಮುಟ್ಟಿದರೆ ಸಾಕು, ರಸ್ತೆಯೇ ನನ್ನ ಕಡೆ ಓಡಿಬರುತ್ತಿತ್ತು. ಆಮೇಲೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಎರಡೆರಡು ಟ್ರೇಲರು, ಎರಡೂ ಬದಿ ಚಾಚಿಕೊಂಡ ಕಬ್ಬು, ಎದುರಿನಿಂದ ಬಸ್ಸುಗಳು. ಅದರ ಹಿಂದೆ ತೆವಳುತ್ತ ಹೋಗುವಾಗ ಮೈಯ ಭಾರವೆಲ್ಲ ಮುಂಗೈಗೆ ಬಿತ್ತು. ಕಬಡ್ಡಿ ಆಡುವಾಗ ಮುರಿದಿದ್ದ ನನ್ನ ಬಲ ಮಣಿಕಟ್ಟು ಹಳೆಯ ನೋವನ್ನು ನೆನಪಿಸಿಕೊಂಡಿತು. ಇಂಜಿನ್ನಿನ ಕಾವು ತೊಡೆಗೆ ಬಡಿಯುತ್ತಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಕುತ್ತಿಗೆ ಹಿಂದಕ್ಕೆ ಜಗ್ಗುತ್ತಿತ್ತು.

ತಿರುಗಿ ಬಂದು ಇಳಿದಾಗ ಬಲಗೈಯನ್ನು ಓಢಣಿಯ ಕೆಳಗೆ ಮುಚ್ಚಿಟ್ಟುಕೊಂಡೆ.

"ಹೆಂಗ ಅನಿಸ್ತ್ರಿ?"

"ಭಾಳ ಛಲೋ ಐತಿ."

"ಹೌದಲ್ರಿ. ಖರೆ, ನಿಮ್ಮ ಮನ್ಯಾಗ ಹಿರ್ಯಾರು ಅದಾರ. ಹಿಂದ ಕುಂದ್ರಾಕ..." ಎಂದು ಅವನು ಥಟ್ಟನೆ ನಿಲ್ಲಿಸಿ, ಸಹೋದ್ಯೋಗಿಯನ್ನು ನೋಡಿದ.

ನನ್ನ ಮನೆಯಲ್ಲಿ ಹಿರಿಯರಿದ್ದಾರೆ ಎಂಬುದೂ ಇವನಿಗೆ ಗೊತ್ತು! ಆರಾಮ್ ಗಾಡಿಯನ್ನೂ ಓಡಿಸಿ ನೋಡಿದೆ. ಬೆನ್ನು ನೆಟ್ಟಗಿತ್ತು, ಕೈ ಹಗುರಾಗಿತ್ತು. ಮುಂದಿನ ಟ್ರೇಲರಿನ ಕಬ್ಬಿನ ಆಚೆಗೆ ಏನು ಬರುತ್ತಿದೆ ಎಂಬುದೂ ಕಾಣುತ್ತಿತ್ತು. ಅದು ನನಗೆ ಹಿಡಿಸಿತು, ಹಿಡಿಸಿದ್ದಕ್ಕೇ ಸಿಟ್ಟು ಬಂತು. ಯಾರೋ ನನಗಿಂತ ಮೊದಲೇ ನನ್ನ ಪರವಾಗಿ ಆರಿಸಿಟ್ಟಿದ್ದಾರೆ ಎಂದಾದರೆ ಒಳ್ಳೆಯದನ್ನೂ ಬೇಡವೆನ್ನುವ ಮನಸ್ಸಾಗುತ್ತದೆ. ಕೀಲಿ ತಿರುಗಿ ಕೊಟ್ಟು ಹೊರಟುಬಂದೆ.

ಊಟಕ್ಕೆ ಕೂತಾಗ ಗಂಡನನ್ನು ಹಿಡಿದೆ.

"ಶೋರೂಮಿಗೆ ಫೋನ್ ಮಾಡಿದ್ರೇನು?"

"ಯಾವ ಶೋರೂಮು?"

"ನವನಗರದ್ದು. ನಾ ಟೀಚರ್ ಅಂತ, ಮನ್ಯಾಗ ಹಿರ್ಯಾರು ಅದಾರಂತ, ಎಲ್ಲಾ ಗೊತ್ತೈತಿ ಅವಗ."

"ಬನಶಂಕರಿ ಆಣಿ, ನಾ ಯಾರಿಗೂ ಫೋನ್ ಮಾಡಿಲ್ಲ. ಸೀಜನ್ ಐತಿ, ಸೀರಿ ಗಿರಾಕಿ ಬಿಟ್ಟು ಬೈಕಿನ ಚಿಂತಿ ನನಗ್ಯಾಕ?"

ಅವರ ಮುಖದಲ್ಲಿ ಸುಳ್ಳಿನ ಕುರುಹು ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ರೊಟ್ಟಿ ಮುರಿಯುತ್ತಿದ್ದ ಅತ್ತೆ ತಮ್ಮಷ್ಟಕ್ಕೆ ಎಂಬಂತೆ, "ಆ ಕೆಂಪ ಗಾಡಿದು ಹಿಂದಿನ ಸೀಟ ಭಾಳ ಎತ್ತರ ಬಿಡು" ಎಂದರು.

ಗಾಡಿ ಕೆಂಪು ಎಂದು ನಾನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

ಗಂಡ ಅಂಗಡಿಗೆ ಹೋಗುವವರೆಗೂ ಕಾದೆ. ಆಮೇಲೆ ಅತ್ತೆಯ ಎದುರು ಕೂತು, "ಅತ್ತೀ, ಹೇಳ್ರಿ ಈಗ" ಎಂದೆ. ಮೊದಲು ಕಿವಿ ಕೇಳಿಸದವರಂತೆ ಮಾಡಿದರು. ಆಮೇಲೆ ನಕ್ಕರು. ಕಣ್ಣು ತೋರಿಸಲು ನೆರೆಮನೆಯವರ ಜೊತೆ ಬಾಗಲಕೋಟೆಯ ದವಾಖಾನೆಗೆ ಹೋಗಿದ್ದರಲ್ಲ, ಆವತ್ತು ಆ ಶೋರೂಮಿಗೂ ಹೋಗಿದ್ದರಂತೆ. ನಾನು ಎಲ್ಲಿ ಗಾಡಿ ನೋಡಬೇಕೆಂದಿದ್ದೇನೆ ಎಂಬುದು ನನ್ನ ಬಾಯಿಂದಲೇ ಅವರ ಕಿವಿಗೆ ಬಿದ್ದಿತ್ತು. ಅಲ್ಲಿ ಇಬ್ಬರಿಂದ ಗಾಡಿ ಹಿಡಿಸಿ, ಒಂದೊಂದರ ಹಿಂದಿನ ಸೀಟಿನ ಮೇಲೂ ಹತ್ತಿ ಕೂತು ನೋಡಿದ್ದರು.

"ಆ ಕೆಂಪದರ ಮ್ಯಾಲ ಕುಂತ್ರ ಮಾಳಗಿ ಕುಂಬಿ ಗ್ವಾಡಿ ಮ್ಯಾಲ ಕುಂತಂಗ ಆತು, ನನ್ನವ್ವ. ಕಾಲ ಇಡಾಕ ಜಾಗಿಲ್ಲ, ಹಿಡ್ಯಾಕ ಏನಿಲ್ಲ. ಅದಕ್ಕ ಆ ಹುಡುಗಗ ಹೇಳಿ ಬಂದೆ. ನಮ್ಮ ಸೊಸಿ ಹುನಗುಂದದಾಗ ಟೀಚರ್ ಅದಾಳ, ಗಂಡಸರ ಬೈಕ್ ಮ್ಯಾಲ ಬರ್ತಾಳ, ಬಂದ್ರ ಅಗಲ ಸೀಟಿಂದು ತೋರ್ಸು ಅಂತ."

"ನೀವು ಎಲ್ಲಿಗೆ ಹೋಗೂದೈತ್ರಿ ಹಿಂದ ಕುಂತು?"

"ಮೊದ್ಲ ಗಾಡಿ ತಗೋ. ಆಮ್ಯಾಲ ಹೇಳ್ತೇನಿ."

ಇದರಿಂದ ನನ್ನ ಗುಮಾನಿ ಕಡಿಮೆಯಾಗುವ ಬದಲು ಬಲಿಯಿತು. ನನ್ನ ಗಾಡಿಯ ಹಿಂದೆ ಒಮ್ಮೆಯೂ ಕೂತವರಲ್ಲ ಅವರು. ಮಗನಿಗೆ ಹೇಳದೆ ಹೋಗಬೇಕಾದ ಜಾಗ ಯಾವುದು? ಹೊಲದ ವಿಷಯವೇ, ದವಾಖಾನೆಯಲ್ಲಿ ಮುಚ್ಚಿಡುವಂಥದ್ದೇನಾದರೂ ಹೇಳಿದ್ದಾರೆಯೇ? ಒಂದು ವಾರ ಅವರ ನಡೆನುಡಿಯನ್ನೇ ಗಮನಿಸಿದೆ. ಅವರು ಎಂದಿನಂತೆ ಉಂಡು, ಮಲಗಿ, ಎದ್ದು, ನನ್ನನ್ನು ನೋಡಿದಾಗಲೆಲ್ಲ "ತಂದ್ಯೇನು?" ಎಂದು ಕೇಳುತ್ತಿದ್ದರು.

ಕೊನೆಗೆ ಅಗಲ ಸೀಟಿನ ಗಾಡಿಯನ್ನೇ ತಂದೆ. ಅತ್ತೆಗಾಗಿ ತಂದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮಣಿಕಟ್ಟಿನ ನೋವು ಎರಡು ದಿನವಾದರೂ ಇಳಿದಿರಲಿಲ್ಲ. ಚೆಂಡಿನ ಚೀಲ, ಜಾವೆಲಿನ್ನು ಕಟ್ಟಿಕೊಂಡು ಓಡಾಡುವವಳಿಗೆ ಆ ಕೆಂಪು ಗಾಡಿಯಲ್ಲಿ ಹಗ್ಗ ಬಿಗಿಯಲೂ ಜಾಗವಿರಲಿಲ್ಲ. ಆದರೂ ನಾನೇ ಆರಿಸಿದೆನೆಂದು ಆಣೆ ಮಾಡಿ ಹೇಳಲಾರೆ. ಕೀಲಿ ಕೊಡುವಾಗ ಮಾರಾಟದವನ ನಗೆಯಲ್ಲಿ ಅತ್ತೆಯ ಗೆಲುವು ಕಂಡಂತಾಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಅತ್ತೆ ತಲೆ ಬಾಚಿ, ಮಡಿಕೆ ಮುರಿಯದ ಹೊಸ ಸೀರೆ ಉಟ್ಟು ನಿಂತಿದ್ದರು. ಮಗನಿಗೆ, "ಬಾದಾಮಿಗೆ ಹೋಗಿ ಬನಶಂಕರಿ ದರ್ಶನ ಮಾಡಿ ಬರ್ತೇವಪಾ. ಹೊಸ ಗಾಡಿ ಪೂಜಿನೂ ಆಗ್ತದ" ಎಂದರು. ಗಂಡ ತಲೆಯಾಡಿಸಿದರು. ಅತ್ತೆ ಒಂದೇ ಕಡೆ ಕಾಲು ಹಾಕಿ ಕೂತು, ಹಿಂದಿನ ಹಿಡಿಕೆ ಹಿಡಿದರು. ಹುನಗುಂದ ದಾಟಿದೆವು, ಅಮೀನಗಡ ದಾಟಿದೆವು. ಗುಳೇದಗುಡ್ಡದ ಹತ್ತಿರ ಚಹಾ ಕುಡಿದೆವು. ಬನಶಂಕರಿಯಲ್ಲಿ ಹಣ್ಣುಕಾಯಿ ಮಾಡಿಸಿ, ಗಾಡಿಗೆ ಕುಂಕುಮ ಹಚ್ಚಿ, ಊರ ಕಡೆ ತಿರುಗಿಸಬೇಕು, ಆಗ ಭುಜದ ಮೇಲೆ ಕೈ ಬಿತ್ತು.

"ಕೆರೂರಿಗೆ ನಡಿ."

ನನಗೆ ಆಗ ತಿಳಿಯಿತು. ಕೆರೂರಿನಲ್ಲಿ ಅತ್ತೆಯ ತಂಗಿ ಇದ್ದಾರೆ. ನನ್ನ ಮಾವ ಬದುಕಿದ್ದಾಗ ಆ ತಂಗಿಯ ಮಗಳ ಮದುವೆಗೆಂದು ತಾವೇ ಮಗ್ಗದಲ್ಲಿ ಕೂತು ನೇಯ್ದ ಸೀರೆಯೊಂದನ್ನು ಆಕೆಗೆ ಉಡುಗೊರೆ ಕೊಟ್ಟಿದ್ದರು. ಆಕೆ ಅದನ್ನು ನಾಲ್ಕು ಜನರೆದುರು, "ಇದು ಪಾವರಲೂಮಿಂದು, ಕೈಮಗ್ಗದ್ದಂತ ಕೊಟ್ಟಾರ" ಎಂದುಬಿಟ್ಟರು. ನೇಕಾರನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನನ್ನ ಗಂಡ ಮದುವೆ ಮಂಟಪದಲ್ಲೇ ಚಿಗವ್ವನ ಮೇಲೆ ಕೂಗಾಡಿದರು. ಮುಂದೆ ಮಾವ ತೀರಿಕೊಂಡರು. ಮನೆಯಲ್ಲಿ ಕೆರೂರಿನ ಹೆಸರು ಎತ್ತಬಾರದೆಂದು ಗಂಡ ಕಟ್ಟಪ್ಪಣೆ ಮಾಡಿದರು. ಅತ್ತೆ ಗೊತ್ತಾಗದಂತೆ ಬಸ್ಸಿನಲ್ಲಿ ಹೋಗೋಣವೆಂದರೆ ಗಂಡನ ಅಂಗಡಿ ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಎದುರಿಗೇ ಇದೆ.

ಕೆರೂರಿನಲ್ಲಿ ತಂಗಿಯ ಓಣಿಯ ತಿರುವಿನಲ್ಲೇ ಅತ್ತೆ ಗಾಡಿ ನಿಲ್ಲಿಸಲು ಹೇಳಿದರು. ಇಳಿದು ನಿರಿಗೆ ಸರಿಮಾಡಿಕೊಂಡರು.

ತಂಗಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ನಮ್ಮನ್ನು ನೋಡಿ ಮೊರ ಕೆಳಗಿಟ್ಟರು; ಏಳಲಿಲ್ಲ. ಅಕ್ಕನನ್ನು, ನನ್ನನ್ನು, ನಮ್ಮ ಹಿಂದಿನ ಓಣಿಯನ್ನು ಒಂದೊಂದಾಗಿ ನೋಡಿದರು.

"ಮಗಾ ಎಲ್ಲಿ?"

"ಅವಗ ಹೇಳಿಲ್ಲ."

"ಕದ್ದು ಬಂದೀ ಅಂದ್ರ ಏನರ ಬೇಕಾಗಿರಬೇಕು. ಏನ ಬೇಕಾಗಿತ್ತು?"

ಆ ಕಣ್ಣಿನಲ್ಲಿದ್ದ ಸಂಶಯ ನನಗೆ ಚೆನ್ನಾಗಿ ಗೊತ್ತಿದ್ದದ್ದು. ವಾರವಿಡೀ ನಾನು ಅತ್ತೆಯನ್ನು ನೋಡಿದ್ದು ಅದೇ ಕಣ್ಣಿನಿಂದ.

"ಆ ಸೀರಿ ತಗೊಂಡ ಬಾ" ಎಂದರು ಅತ್ತೆ. "ಸೆರಗು ಒಡಲು ಕೂಡಿದಲ್ಲಿ ತಿರುವಿ ನೋಡೂಣು. ಎಳಿಗೆ ಎಳಿ ಕೂಡಿಸಿ ಕೈಲೆ ಹಾಕಿದ ಕೊಂಡಿ ಪಾವರಲೂಮಿನ್ಯಾಗ ಬರೂದಿಲ್ಲ. ಅದು ಇಲ್ಲಂದ್ರ ಈಗಿಂದೀಗ ನಿನ್ನ ಕಾಲಿಗೆ ಬೀಳ್ತೇನಿ."

ತಂಗಿ ಜೋಳದ ಕಡೆ ನೋಡುತ್ತ, "ನೋಡೀನಿ" ಎಂದರು. "ಮದ್ವಿ ಮುಗದ ಮ್ಯಾಲೇ ನೋಡೀನಿ. ಕೊಂಡಿ ಐತಿ."

"ಮತ್ತ? ಹೇಳಿ ಕಳಸಲಿಲ್ಲ?"

"ನೀ ಬರಲಿಲ್ಲ."

ಅತ್ತೆಗೆ ಸಿಟ್ಟು ಬರುತ್ತದೆಂದು ಕಾದೆ. ಅವರು ಕಟ್ಟೆಯ ಅಂಚಿಗೆ ಕೂತು, "ನೀರ ಕೊಡು ಮೊದ್ಲ. ಗಾಡಿ ಮ್ಯಾಲ ಬಾಯಿ ಒಣಗೇತಿ" ಎಂದರು. ಆಗ ತಂಗಿ ಎದ್ದರು. ಒಳಗೆ ಹೋದವರು ನೀರು ತರಲು ಬಹಳ ತಡಮಾಡಿದರು. ತಂದಾಗ ಅವರ ಮುಖ ತೊಳೆದಂತಿತ್ತು.

ಮಧ್ಯಾಹ್ನ ಊಟವಾದರೂ ಅತ್ತೆ ಏಳುವ ಲಕ್ಷಣವಿರಲಿಲ್ಲ. "ನೀ ನಡಿ. ನಾ ನಾಕ ದಿನ ಇದ್ದು ಬರ್ತೇನಿ" ಎಂದರು. ಹಿಂದೆ ಭಾರವಿಲ್ಲದ ಗಾಡಿಯನ್ನು ಇಳಕಲ್ಲಿನವರೆಗೆ ನೆಟ್ಟಗೆ ಕೂತು ಓಡಿಸಿದೆ. ಇಳಿದಾಗ ಮಣಿಕಟ್ಟು ನೋಯುತ್ತಿರಲಿಲ್ಲ.

ಗಂಡ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದರು.

"ಅವ್ವ ಎಲ್ಲಿ?"

"ಕೆರೂರಾಗ."

ಕೈಯಲ್ಲಿದ್ದ ಸೀರೆ ಹಾಗೇ ನಿಂತಿತು. ಅವರು ನನ್ನನ್ನು ನೋಡಿದರು, ಹೊರಗೆ ಕುಂಕುಮ ಹಚ್ಚಿಕೊಂಡು ನಿಂತ ಗಾಡಿಯನ್ನು ನೋಡಿದರು. "ಇದೆಲ್ಲಾ ನಿಂದ ಪ್ಲ್ಯಾನು, ಹೌದಲ್ಲ? ಅದಕ್ಕ ಈ ಗಾಡಿ ತಗೊಂಡಿ."

ಅಲ್ಲವೆಂದೆ. ನಡೆದದ್ದನ್ನೆಲ್ಲ, ಕೊಂಡಿಯ ಮಾತಿನವರೆಗೂ, ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಇವತ್ತಿಗೂ ಪೂರಾ ನಂಬಿಲ್ಲ. ಮೂರ್ನಾಲ್ಕು ದಿನ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಆಮೇಲೆ ಒಂದು ದಿನ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ, ಅವ್ವನನ್ನು ಕರೆದುಕೊಂಡು ಬರುತ್ತೇನೆಂದು ಬಸ್ಸು ಹತ್ತಿದರು. ಸಂಜೆ ಒಬ್ಬರೇ ಬಂದರು.

"ಅತ್ತಿ ಬರಲಿಲ್ಲೇನ್ರಿ?"

"ಇನ್ನೂ ಇರ್ತಾಳಂತ." ಚೀಲದಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. "ಶೇಂಗಾ ಹೋಳಿಗಿ. ಚಿಗವ್ವ ಕೊಟ್ಟಳು."

ಹಾಗೆಂದು ನನ್ನ ಮುಖ ನೋಡದೆ ಕೈಕಾಲು ತೊಳೆಯಲು ಹೋದರು.