ಒಂದು ಫೋನಿನ ಹದಿನೆಂಟು ಜನ

ನಾರಾಯಣಪುರದ ನೀರಾವರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು ನಾನು. ಕಾಲುವೆಯ ಕಥೆ ಹೇಳಲು ನನಗಿಂತ ಬೇರೆ ಯಾರು ಬೇಕು ಎಂಬ ಸೊಕ್ಕಿತ್ತು. ಈಗಲೂ ಇದೆ, ಸುಳ್ಳೇಕೆ ಹೇಳಲಿ! ಶಹಾಪುರದ ಶಾಲೆಯಲ್ಲಿ ಕಲಿಸುತ್ತಲೇ, ಸಿಕ್ಕ ರಜೆಯಲ್ಲೆಲ್ಲ ಒಂದು ವೆಬ್ ಸರಣಿ ತೆಗೆದೆ. ಕಾಲುವೆಯ ಕೊನೆಯ ಹೊಲದ ಹೆಂಗಸೊಬ್ಬಳು ತನ್ನ ಸರದಿಯ ನೀರಿಗಾಗಿ ಜಗಳಕ್ಕೆ ನಿಲ್ಲುವ ಕಥೆ. ನಾಯಕಿ ನನ್ನ ತಂಗಿ. ಕ್ಯಾಮೆರಾ ಹಿಡಿದವರು ಮದುವೆ ವಿಡಿಯೊ ತೆಗೆಯುವ ನಮ್ಮ ನೆರೆಯವರು.

ನಾಲ್ಕು ಕಂತು ಎಂದುಕೊಂಡಿದ್ದೆವು. ಮೂರನೆಯದು ಹಾಕಿ ತಿಂಗಳಾದರೂ ನೋಡಿದವರ ಸಂಖ್ಯೆ ಮುನ್ನೂರರ ಹತ್ತಿರ ಬಂದು ಕೂತುಬಿಟ್ಟಿತು. ಅದರಲ್ಲಿ ಹತ್ತಿಪ್ಪತ್ತು ಸಲ ನೋಡಿದವಳು ನಾನೇ.

“ಕ್ವಾಣದ ಮುಂದ ಕಿನ್ನರಿ ಬಾರ್ಸಿದಂಗ ಆತ್ರಿ ಮೇಡಂ. ಇಲ್ಲಿಗೇ ಬಿಡ್ರಿ,” ಎಂದರು ಕ್ಯಾಮೆರಾದವರು.

ಕಡೆಯ ಕಂತಿನ ಮಾತುಗಳನ್ನು ತಂಗಿ ಆಗಲೇ ಬಾಯಿಪಾಠ ಮಾಡಿದ್ದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಆದರೂ ಬಿಡೋಣ ಎಂದೆ.

ಚಿತ್ರೀಕರಣಕ್ಕೆ ಎರವಲು ತಂದಿದ್ದ ಸಲಿಕೆಯನ್ನು ಮರಳಿ ಕೊಡಲು ದೇವಾಪುರಕ್ಕೆ ಹೋದೆ. ಸಲಿಕೆ ಕೊಟ್ಟವರ ಗದ್ದೆಯಲ್ಲಿ ಭತ್ತದ ನಾಟಿ ನಡೆದಿತ್ತು. ಹೆಂಗಸರೆಲ್ಲ ಬದುವಿನ ಮೇಲೆ ಬುತ್ತಿ ಬಿಚ್ಚಿ, ಕೊಡಕ್ಕೆ ಆನಿಸಿಟ್ಟ ಒಂದು ಫೋನನ್ನು ನೋಡುತ್ತಿದ್ದರು. ಇಣುಕಿದರೆ, ಅದರಲ್ಲಿ ನನ್ನ ತಂಗಿ!

ನಾಟಿ ತಂಡದ ಹಿರಿಯಾಕೆ ನನ್ನ ಕೈಯ ಸಲಿಕೆಯನ್ನು ಗುರುತು ಹಿಡಿದಳು.

“ಅಯ್ಯ, ಈ ಸಲಿಕಿ ಫೋನಿನ್ಯಾಗಿನ ಆಕೀದಲ್ಲ? ನೀವೇನ್ರಿ ಇದನ್ನ ತೆಗದವರು?”

“ಹೌದ್ರಿ,” ಎಂದೆ, ಹೊಗಳಿಕೆಗೆ ತಯಾರಾಗಿ.

“ಬಲೇ ಶಾಣ್ಯಾರಿದ್ದೀರಿ! ನಿಮ್ಮ ಹುಡುಗಿ ನೆಲ್ಲು ಹಚ್ಚಕೋತ ಮುಂದ ಮುಂದ ಹೊಂಟಾಳಲ್ರಿ! ಹಚ್ಚಿದ್ದನ್ನೆಲ್ಲ ತಾನೇ ತುಳದಾಳ. ಹಿಂದಕ್ಕ ಸರಕೋತ ಹಚ್ಚಬೇಕ್ರಿ. ಮೂರು ಸಲ ನೋಡೀವಿ, ಮೂರೂ ಸಲ ಮೈ ಉರದೈತಿ.”

ಹದಿನೆಂಟು ಜನ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆಕೆಯ ಮಾತು ನಿಜ; ಕ್ವಾರ್ಟರ್ಸ್‌ನ ಕಿಟಕಿಯಿಂದ ಕಾಲುವೆ ನೋಡಿದ್ದೆನೇ ಹೊರತು, ಒಂದು ದಿನವೂ ಕೆಸರಿಗೆ ಇಳಿದವಳಲ್ಲ. ಅಷ್ಟರಲ್ಲಿ ಆಕೆ ಫೋನು ಎತ್ತಿಕೊಂಡಳು.

“ಅದಿರ್ಲಿ. ಆಕೀಗಿ ಕಡೀಕ ನೀರು ಸಿಗ್ತಾವೋ ಇಲ್ಲೋ? ಮುಂದಿಂದು ಯಾವಾಗ ಹಾಕ್ತೀರಿ?”

ಯಾರೋ ಇಳಿಸಿಕೊಂಡ ವಿಡಿಯೊ ಫೋನಿನಿಂದ ಫೋನಿಗೆ ದಾಟಿ ಆ ಗದ್ದೆಗೆ ಬಂದಿತ್ತು. ಮೂರು ಸಲ ನೋಡಿದ ಆ ಹದಿನೆಂಟು ಜನರಲ್ಲಿ ಒಬ್ಬರೂ ನನ್ನ ಮುನ್ನೂರರಲ್ಲಿ ಇರಲಿಲ್ಲ. ಸಲಿಕೆ ಕೊಡದೆ ಮನೆಗೆ ತಂದೆ. ತಂಗಿ ಬಾಗಿಲಲ್ಲೇ ಅದನ್ನು ನೋಡಿ ಕಣ್ಣೊರೆಸಿಕೊಂಡಳು.

ಕಡೆಯ ಕಂತನ್ನು ಅದೇ ಗದ್ದೆಯಲ್ಲಿ ತೆಗೆದೆವು. ಸೀರೆ ಎತ್ತಿಕಟ್ಟಿದ ತಂಗಿ ಸಸಿ ಹಚ್ಚುತ್ತ ಹೆಜ್ಜೆ ಹೆಜ್ಜೆ ಹಿಂದಕ್ಕೆ ಸರಿದಳು. ಕ್ಯಾಮೆರಾದ ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಹಿರಿಯಾಕೆ ಕೊನೆಗೆ ಬಾಯಿಬಿಟ್ಟಳು.

“ಹಾಂ, ಈಗ ನಮ್ಮಾಕಿ ಆದಳು ನೋಡ್ರಿ.”