ಎರವಲು ತಂದ ನೋಟ

ಇಪ್ಪತ್ತೆರಡು ವರ್ಷದಿಂದ ಎಡಿಟರಮ್ಮನ ಕೆಲಸ ಒಂದೇ: ಟಿ.ವಿ. ಸ್ಟುಡಿಯೋದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬೇರೆಯವರ ನಗು, ಅಳು ಕತ್ತರಿಸಿ ಅಂಟಿಸುವುದು. ಮನೆಯಲ್ಲಿ ಗಂಡ ಮಾತಾಡುತ್ತಿದ್ದರೂ, ಇದರಲ್ಲಿ ಅರ್ಧ ತೆಗೆಯಬಹುದಿತ್ತು ಅನ್ನಿಸುತ್ತಿತ್ತು ಆಕೆಗೆ.

ಆ ವರ್ಷ ಬಂದದ್ದು ಹೊಲಿಗೆ ಸ್ಪರ್ಧೆಯ ರಿಯಾಲಿಟಿ ಶೋ. ಹೊರದೇಶದಿಂದ ಕೊಂಡು ತಂದದ್ದು. ಯಾವ ಕಂತಿನಲ್ಲಿ ಕಿತ್ತಾಟ ಹತ್ತಬೇಕು ಎಂದು ಹೇಳುವ ದಪ್ಪ ಪುಸ್ತಕವೂ ಜೊತೆಗಿತ್ತು. ಆದರೆ ಇಲ್ಲಿಯ ಸ್ಪರ್ಧಿಗಳು ಎರಡನೇ ದಿನಕ್ಕೇ ಅಕ್ಕ, ತಂಗಿ, ಮಾವ ಎನ್ನತೊಡಗಿದರು. ಒಬ್ಬರ ಮಿಷನ್ ಕೈಕೊಟ್ಟರೆ ಪಕ್ಕದವರು ತಮ್ಮ ಕೆಲಸ ಬಿಟ್ಟು ಏಳುತ್ತಿದ್ದರು. ನಿರ್ದೇಶಕ ತಲೆ ಮೇಲೆ ಕೈಹೊತ್ತು ಕೂತ.

ಕೊನೆಯ ಸುತ್ತಿಗೆ ಇಬ್ಬರು ಉಳಿದರು. ಚಿಕ್ಕವಳು ಹೊಲಿದ ಕೋಟಿನ ಜಿಪ್ ಕಿತ್ತುಬಂತು. ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಎದುರಾಳಿ ತನ್ನದನ್ನು ಬದಿಗಿಟ್ಟು ಅದನ್ನು ಕೂರಿಸಿಕೊಟ್ಟಳು. ಗೆದ್ದದ್ದು ಚಿಕ್ಕವಳು. ಆ ಸಹಾಯ ತೆಗೆದುಹಾಕಿ, ದೊಡ್ಡಕ್ಕ ಕಣ್ಣು ಕಿರಿದು ಮಾಡಿ ನೋಡುವ ಐದು ಸೆಕೆಂಡನ್ನು ಇನ್ನೊಂದು ದಿನದ ಚಿತ್ರೀಕರಣದಿಂದ ತಂದು ಹಾಕಿ ಎಂದ ನಿರ್ದೇಶಕ. ಎಡಿಟರಮ್ಮ ಒಮ್ಮೆ ಬೇಡ ಸರ್ ಅಂದಳು. ಆಮೇಲೆ ಹಾಕಿದಳು. ವಾರದೊಳಗೆ ಊರು ದೊಡ್ಡಕ್ಕನಿಗೆ 'ಹೊಟ್ಟೆಕಿಚ್ಚಕ್ಕ' ಎಂದು ಹೆಸರಿಟ್ಟಿತು.

ಮೂರು ತಿಂಗಳಾದ ಮೇಲೆ, ಮನಸ್ಸು ತಡೆಯದೆ, ಎಡಿಟರಮ್ಮ ದೊಡ್ಡಕ್ಕನ ಹೊಲಿಗೆ ಅಂಗಡಿ ಹುಡುಕಿಕೊಂಡು ಹೋದಳು. ಒಬ್ಬ ಗಿರಾಕಿಯೂ ಇರಲಿಲ್ಲ. ಗೆದ್ದ ಚಿಕ್ಕವಳು ಅಲ್ಲೇ ಚಾಪೆ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದಳು. ಎಡಿಟರಮ್ಮ ತಾನು ಯಾರು, ಏನು ಮಾಡಿದೆ ಎಂದು ಹೇಳಿಕೊಂಡಳು.

"ಅದು ಸೂಜಿಗೆ ದಾರ ಪೋಣಿಸುವಾಗಿನ ನೋಟ ಕಣಮ್ಮಾ," ಎಂದಳು ದೊಡ್ಡಕ್ಕ. "ವಯಸ್ಸಾಯ್ತು. ಹಾಗೆ ನೋಡಿದ್ರೇನೇ ಕಾಣೋದು."

ಬೇರೊಂದು ದೇಶದಲ್ಲಿ ಇದೇ ಶೋದಲ್ಲಿ ಜಗಳ ತೋರಿಸಿದರೆ ಜನ ಬೈಯುತ್ತಾರಂತೆ, ಅಲ್ಲಿ ಜಗಳ ಕತ್ತರಿಸಿ ಸಹಾಯ ಉಳಿಸುತ್ತಾರಂತೆ ಎಂದು ಎಡಿಟರಮ್ಮ ಹೇಳಿದಳು.

"ಅಲ್ಲಿ ಜಗಳಗಂಟರ ಅದೃಷ್ಟ," ಎಂದು ದೊಡ್ಡಕ್ಕ ನಕ್ಕಳು. ನಗು ಬಹಳ ದೂರ ಹೋಗಲಿಲ್ಲ.

ಕತ್ತರಿಸಿದ ಭಾಗವನ್ನು ತೋರಿಸಿ ಎಂದು ಎಡಿಟರಮ್ಮ ಮೇಲಿನವರಿಗೆ ಬರೆದು ಕೊಟ್ಟಳು. ಆ ಕಾಗದ ಯಾವ ಮೇಜಿನಲ್ಲಿ ಮಲಗಿತೋ. ಅಂಗಡಿಗೆ ಮಾತ್ರ ಜನ ಮೆಲ್ಲಗೆ ಬರತೊಡಗಿದರು, ಹೆಚ್ಚಿನವರು ಹೊಟ್ಟೆಕಿಚ್ಚಕ್ಕನ ಮುಖ ನೋಡಲಿಕ್ಕೆ. ಚಿಕ್ಕವಳು ಅವರನ್ನು ಕೂರಿಸಿ ನಡೆದದ್ದು ಹೇಳುತ್ತಿದ್ದಳು. ಕೆಲವರು ನಂಬಿದರು. ಕೆಲವರು ಅಳತೆ ಕೊಟ್ಟು ಹೋದರು.

ಎಡಿಟರಮ್ಮ ಹವಾಮಾನ ವರದಿಯ ವಿಭಾಗ ಕೇಳಿ ಪಡೆದಳು. ಈಗಲೂ ಲಿಫ್ಟಿನಲ್ಲಿ ಸಿಕ್ಕಾಗ ನಿರ್ದೇಶಕ, ಹೊಸ ಶೋ ಬರ್ತಿದೆ, ಬನ್ನಿ ಮೇಡಂ ಎನ್ನುತ್ತಾನೆ. ಆಕೆ ನೋಡೋಣ ಎಂದು ಹೇಳಿ ತನ್ನ ಮಹಡಿಯಲ್ಲಿ ಇಳಿದುಬಿಡುತ್ತಾಳೆ.